ಬಿರುದೂ ಅಡ್ಡಹೆಸರೂ

ಅದ್ಭುತ ಕಥೆಗಳನ್ನು ಬರೆಯುವವರಿಗೆ ಈಚೆಗೆ ಒಂದು ರೋಗ ಅಂಟಿಕೊಂಡಿದೆ. ಕಥೆಯಲ್ಲಿ ನೈಟ್ ಒಬ್ಬ ಕಾಲಿಡುವುದೇ ತಡ, ಅವನ ಹೆಸರಿಗೆ ಒಂದು ಬಾಲ ಹೊರಟುಬಿಡುತ್ತದೆ: ನೆತ್ತರಗತ್ತಿಯವನು, ಕಾಳರಾತ್ರಿಯ ಒಡೆಯ, ಸಿಡಿಲಿನ ಮಗ. ಯಾರ ನೆತ್ತರು, ಏಕೆ ಹರಿಯಿತು, ಹಾಗೆಂದು ಮೊದಲು ಕರೆದವರು ಯಾರು ಎಂದು ಹುಡುಕಿದರೆ ಆರುನೂರು ಪುಟ ಕಳೆದರೂ ಉತ್ತರವಿಲ್ಲ. ಮದುವೆಮನೆಯ ಬಾಗಿಲಿಗೆ ಬಾಳೆಕಂಬ ಕಟ್ಟಿದ ಹಾಗೆ ಹೆಸರು ಕಟ್ಟಿದ್ದಾರೆ, ಅಷ್ಟೆ. ಓದುವವರೂ ಹಿಂದೆ ಬಿದ್ದಿಲ್ಲ. ತಮ್ಮ ಹೆಸರಿಗೂ ಅಂಥದೊಂದು ಬಾಲ ಸೇರಿಸಿಕೊಂಡು ಕಂಪ್ಯೂಟರ್ ಆಟಗಳಲ್ಲಿ ಕತ್ತಿ ಬೀಸುತ್ತಾರೆ. ಇದು ನಿರಪಾಯವಾದ ತಮಾಷೆ, ಇದರ ಮೇಲೆ ಏಕೆ ಹರಿಹಾಯಬೇಕು ಎನ್ನುವ ಸಹೃದಯರಿದ್ದಾರೆ. ಆ ಔದಾರ್ಯ ನನಗೆ ಸಾಧ್ಯವಾಗಿಲ್ಲ. ಕಾರಣ ಹೇಳುತ್ತೇನೆ.

ನಮ್ಮ ಭಾಷೆ ಈ ವಿಷಯದಲ್ಲಿ ಜಾಣತನ ತೋರಿದೆ. ಬಿರುದು ಬೇರೆ, ಅಡ್ಡಹೆಸರು ಬೇರೆ. ಬಿರುದನ್ನು ದೊರೆ ಕೊಡುತ್ತಾನೆ, ಹೊಗಳುಭಟರು ಸಾರುತ್ತಾರೆ, ಪಡೆದವನು ಮೀಸೆ ತಿರುವುತ್ತಾನೆ. ಅಡ್ಡಹೆಸರನ್ನು ಊರು ಇಡುತ್ತದೆ. ಇಡಿಸಿಕೊಂಡವನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಬಿರುದು ಒಂದು ಅಲಂಕಾರ. ಅಡ್ಡಹೆಸರು ಒಂದು ತೀರ್ಪು. ನೈಟ್‌ಗಳ ಕಥೆಯಲ್ಲಿ ಓದುಗನ ಮನಸ್ಸಿನಲ್ಲಿ ನಿಲ್ಲುವ ಹೆಸರುಗಳು ಅಡ್ಡಹೆಸರುಗಳೇ ಹೊರತು ಬಿರುದುಗಳಲ್ಲ ಎಂಬುದು ನನ್ನ ವಾದ.

ಮೊದಲು ಹಳೆಯ ಸಾಕ್ಷಿ. 12ನೆಯ ಶತಮಾನದ ಫ್ರೆಂಚ್ ಕವಿ ಕ್ರೇತಿಯಾಂ ದ ತ್ರ್ವಾ ತನ್ನ ಕಾವ್ಯದ ನಾಯಕ ಲಾನ್ಸ್‌ಲಟ್‌ನಿಗೆ ಕೊಟ್ಟ ಹೆಸರು ‘ಬಂಡಿಯ ನೈಟ್’. ಆ ಕಥೆಯ ಲೋಕದಲ್ಲಿ ಬಂಡಿಯೆಂದರೆ ಕಳ್ಳರನ್ನೂ ಕೊಲೆಗಡುಕರನ್ನೂ ಊರ ತುಂಬ ಮೆರೆಸುವ ಅವಮಾನದ ವಾಹನ. ಅಪಹೃತಳಾದ ರಾಣಿ ಗ್ವಿನೆವಿಯರ್‌ಳ ಸುದ್ದಿ ಬೇಕಾದರೆ ಇದನ್ನು ಹತ್ತು ಎನ್ನುತ್ತಾನೆ ಬಂಡಿ ಹೊಡೆಯುವ ಕುಳ್ಳ. ಎರಡು ಹೆಜ್ಜೆ ಇಡುವಷ್ಟು ಹೊತ್ತು ಅಳುಕಿ ಲಾನ್ಸ್‌ಲಟ್ ಹತ್ತಿಬಿಡುತ್ತಾನೆ. ಅಲ್ಲಿಂದ ಮುಂದೆ ಹೋದಲ್ಲೆಲ್ಲ ಬಂಡಿ ಹತ್ತಿದವನೆಂಬ ಹಳಿವು. ಆದರೆ ರಾಣಿ ಅವನ ಮೇಲೆ ಮುನಿದದ್ದು ಹತ್ತಿದ್ದಕ್ಕಲ್ಲ, ಆ ಎರಡು ಹೆಜ್ಜೆ ತಡಮಾಡಿದ್ದಕ್ಕೆ! ಒಂದೇ ಹೆಸರು ಊರಿಗೆ ನಾಚಿಕೆಗೇಡು, ಪ್ರೇಮಕ್ಕೆ ಸಾಕ್ಷಿ. ಆ ಸಾಕ್ಷಿಯಲ್ಲೂ ಎರಡು ಹೆಜ್ಜೆಯ ಕೊರತೆ. ಕಾಳರಾತ್ರಿಯ ಒಡೆಯನ ಹೆಸರಿನಲ್ಲಿ ಇಷ್ಟು ಕಥೆ ಇದೆಯೆ?

ಇನ್ನೊಂದು ಸಾಕ್ಷಿ ನೈಟ್‌ಗಳನ್ನು ಗೇಲಿ ಮಾಡಲೆಂದೇ ಹುಟ್ಟಿದ ಪುಸ್ತಕದ್ದು. ಸರ್ವಾಂಟೆಸ್ 1605ರಲ್ಲಿ ಪ್ರಕಟಿಸಿದ ಮೊದಲ ಭಾಗದಲ್ಲಿ ಡಾನ್ ಕ್ವಿಕ್ಸೋಟ್‌ನಿಗೆ ‘ಶೋಕವದನದ ನೈಟ್’ ಎಂದು ಹೆಸರಿಟ್ಟವನು ಅವನ ಸೇವಕ ಸ್ಯಾಂಕೊ. ಏಕೆ ಹಾಗೆ ಕರೆದೆ ಎಂದು ಕೇಳಿದರೆ, ದೀವಟಿಗೆಯ ಬೆಳಕಿನಲ್ಲಿ ನಿಮ್ಮ ಮುಖ ನೋಡಿದೆ, ದಣಿವಿಗೋ ಹಲ್ಲು ಉದುರಿದ್ದಕ್ಕೋ ಅಷ್ಟು ಕೆಟ್ಟದಾಗಿ ಕಂಡಿತು ಎಂಬ ಅರ್ಥದ ಉತ್ತರ ಬರುತ್ತದೆ. 1615ರ ಎರಡನೆಯ ಭಾಗದಲ್ಲಿ ಯಜಮಾನ ಸಿಂಹದ ಪಂಜರ ತೆರೆಸುತ್ತಾನೆ. ಸಿಂಹ ಅವನತ್ತ ಬೆನ್ನು ತಿರುಗಿಸಿ ಮಲಗುತ್ತದೆ. ಇವನು ‘ಸಿಂಹಗಳ ನೈಟ್’ ಎಂದು ತನಗೆ ತಾನೇ ಬಿರುದು ಧರಿಸುತ್ತಾನೆ. ನಾಲ್ಕುನೂರು ವರ್ಷ ಕಳೆದ ಮೇಲೆ ಲೋಕದ ಕಣ್ಣಿಗೆ ಕಟ್ಟಿರುವುದು ಯಾವುದು? ಸೇವಕ ಕಂಡ ಶೋಕದ ಮುಖವೇ.

ಈಗ ನಮ್ಮ ಕಾಲಕ್ಕೆ ಬರೋಣ. ಅಮೆರಿಕದ ಜಾರ್ಜ್ ಆರ್. ಆರ್. ಮಾರ್ಟಿನ್ 1996ರಲ್ಲಿ ‘ಎ ಗೇಮ್ ಆಫ್ ಥ್ರೋನ್ಸ್’ನಿಂದ ಆರಂಭಿಸಿದ ಕಾದಂಬರಿಮಾಲೆಯನ್ನು ನಮ್ಮ ಮನೆಗಳ ಹುಡುಗರೂ ಓದುತ್ತಾರೆ; ಓದದವರು 2011ರಿಂದ 2019ರವರೆಗೆ ಬಂದ ಟೆಲಿವಿಷನ್ ಧಾರಾವಾಹಿಯನ್ನಾದರೂ ನೋಡಿದ್ದಾರೆ. ರಕ್ತ, ಕಾಮ, ಡ್ರ್ಯಾಗನ್ ಇಷ್ಟೇ ಅದರಲ್ಲಿರುವುದು ಎಂದು ಹಿರಿಯರು ಮೂಗು ಮುರಿಯುತ್ತಾರೆ. ಅವರು ಅಲ್ಲಿಯ ಅಡ್ಡಹೆಸರುಗಳನ್ನು ಗಮನಿಸಿಲ್ಲ ಎಂದು ಕಾಣುತ್ತದೆ.

ಡಾವೋಸ್ ಎಂಬುವನು ಕಳ್ಳಸಾಗಣೆಗಾರ. ಮುತ್ತಿಗೆಯಲ್ಲಿ ಸಿಕ್ಕಿ ಹಸಿವಿನಿಂದ ಸಾಯುತ್ತಿದ್ದ ಕೋಟೆಗೆ ಕತ್ತಲಲ್ಲಿ ದೋಣಿ ನುಗ್ಗಿಸಿ ಈರುಳ್ಳಿ, ಉಪ್ಪುಮೀನು ತಲಪಿಸುತ್ತಾನೆ. ಕೋಟೆಯೊಡೆಯ ಸ್ಟಾನಿಸ್ ಅವನನ್ನು ನೈಟ್ ಮಾಡುತ್ತಾನೆ; ಹಳೆಯ ಕಳ್ಳತನಕ್ಕೆ ಶಿಕ್ಷೆಯಾಗಿ ಎಡಗೈಯ ನಾಲ್ಕು ಬೆರಳುಗಳ ತುದಿಗಳನ್ನೂ ಕತ್ತರಿಸುತ್ತಾನೆ. ದೊಡ್ಡ ಮನೆತನದವರು ‘ಈರುಳ್ಳಿ ನೈಟ್’ ಎಂದು ನಗುತ್ತಾರೆ. ಅವನು ಈರುಳ್ಳಿಯನ್ನೇ ತನ್ನ ಲಾಂಛನದ ಹಡಗಿನ ಹಾಯಿಯ ಮೇಲೆ ಬರೆಸಿಕೊಳ್ಳುತ್ತಾನೆ. ಬ್ಯಾರಿಸ್ಟನ್ ಎಂಬ ಇನ್ನೊಬ್ಬನಿಗೆ ‘ಎದೆಗಾರ’ ಎಂಬ ಹೆಸರು ಬಂದದ್ದು ಗೆದ್ದಾಗಲ್ಲ. ಹತ್ತು ವರ್ಷದ ಹುಡುಗ ಎರವಲು ಕವಚ ತೊಟ್ಟು, ಮುಖ ಮರೆಸಿಕೊಂಡು ಪಂದ್ಯದ ಕಣಕ್ಕೆ ಇಳಿದು, ಸೋತು, ಸಿಕ್ಕಿಬಿದ್ದಾಗ ಬಂದದ್ದು. ಈ ಹೆಸರುಗಳಿಗೆ ಬೆಲೆ ತೆತ್ತಿದ್ದಾರೆ. ಒಬ್ಬ ಬೆರಳು ಕೊಟ್ಟು, ಒಬ್ಬ ಸೋಲುಂಡು.

ಅದೇ ಲೋಕದಲ್ಲಿ ಅಧಿಕೃತ ಗೌರವದ ಗತಿ ನೋಡಿ. ಗ್ರೆಗರ್ ಎಂಬ ನರರಾಕ್ಷಸ ರಾಜಕುಮಾರನ ಕೈಯಿಂದಲೇ ದೀಕ್ಷೆ ಪಡೆದ ನೈಟ್. ಬಾಲ್ಯದಲ್ಲಿ ಅವನು ತಮ್ಮನ ಮುಖವನ್ನು ಕೆಂಡಕ್ಕೆ ಒತ್ತಿ ಸುಟ್ಟಿದ್ದಾನೆ. ಆ ತಮ್ಮ ಸ್ಯಾಂಡರ್ ನೈಟ್ ಆಗಲು ಒಪ್ಪದೆ, ಜನ ಕರೆಯುವ ‘ಬೇಟೆನಾಯಿ’ ಎಂಬ ಹೆಸರಿನಲ್ಲೇ ಬಾಳುತ್ತಾನೆ. ಅಣ್ಣ ಪ್ರತಿಜ್ಞೆ ಮಾಡಿ ಮುರಿದವನು. ತಮ್ಮ ಸುಳ್ಳು ಪ್ರತಿಜ್ಞೆ ಮಾಡಲಾರೆನೆಂದವನು. ಬಿರುದಿಗೂ ಅಡ್ಡಹೆಸರಿಗೂ ಇರುವ ಅಂತರಕ್ಕೆ ಇದಕ್ಕಿಂತ ನಿಷ್ಠುರವಾದ ಭಾಷ್ಯ ಬೇಕೆ?

ಹಾಗಾದರೆ ಊರಿನ ತೀರ್ಪು ಯಾವಾಗಲೂ ನ್ಯಾಯವೆ ಎಂದು ಕೇಳಬಹುದು. ಅಲ್ಲ. ಈ ಕಾದಂಬರಿಕಾರನ ದೊಡ್ಡಸ್ತಿಕೆ ಇರುವುದು ಅದನ್ನು ತೋರಿಸಿದ್ದರಲ್ಲೇ. ಜೇಮಿ ಲ್ಯಾನಿಸ್ಟರ್ ಹದಿನೇಳನೆಯ ವಯಸ್ಸಿನಲ್ಲಿ, ತಾನು ಕಾಯಬೇಕಾಗಿದ್ದ ದೊರೆ ಏರಿಸ್‌ನನ್ನು ಕೊಂದವನು. ಅವನಿಗೆ ‘ದೊರೆಗೊಲೆಗಾರ’ ಎಂಬ ಹೆಸರು ಅಂಟಿತು. ಮೊದಲ ಕಾದಂಬರಿಯಲ್ಲಿ ಎಲ್ಲರೂ ಹಾಗೆನ್ನುತ್ತಾರೆ. ನಾವೂ ಅವರೊಡನೆ ದನಿಗೂಡಿಸುತ್ತೇವೆ. 2000ದಲ್ಲಿ ಬಂದ ಮೂರನೆಯ ಕಾದಂಬರಿಯಲ್ಲಿ, ಬಲಗೈ ಕಳೆದುಕೊಂಡ ಜೇಮಿ ಸ್ನಾನದ ಮನೆಯಲ್ಲಿ ಬ್ರಿಯೆನ್ ಎಂಬ ಯೋಧೆಗೆ ನಿಜ ಹೇಳುತ್ತಾನೆ. ಹುಚ್ಚು ದೊರೆ ಶತ್ರುವಿಗೆ ಬೂದಿ ಮಾತ್ರ ಸಿಗಲೆಂದು ಜನರ ಸಮೇತ ರಾಜಧಾನಿಯನ್ನೇ ಸುಡಲು ಆಜ್ಞೆ ಕೊಟ್ಟಿದ್ದ. ಆ ಬೆಂಕಿಯನ್ನು ತಡೆಯಲೆಂದೇ ಜೇಮಿ ಕತ್ತಿ ಎತ್ತಿದ್ದು. ಹೇಳಿ ಮುಗಿಸಿ ಅವನು ಕುಸಿದಾಗ, ಎಲ್ಲವನ್ನೂ ಆಗತಾನೆ ಕೇಳಿದ ಬ್ರಿಯೆನ್ ಸಹಾಯಕ್ಕೆ ಜನರನ್ನು ಕೂಗುವುದೂ ಅದೇ ಅಡ್ಡಹೆಸರು ಹಿಡಿದು. ನಾಲಗೆಗೆ ಹತ್ತಿದ್ದು ಬಿಡುವುದಿಲ್ಲ.

ಜೇಮಿ ಸಾಧುಪುರುಷನೆಂದು ನಾನು ಹೇಳುತ್ತಿಲ್ಲ. ಮೊದಲ ಕಾದಂಬರಿಯಲ್ಲೇ ಅವನು ಏಳು ವರ್ಷದ ಮಗುವನ್ನು ಗೋಪುರದ ಕಿಟಕಿಯಿಂದ ತಳ್ಳಿದ್ದಾನೆ. ಆದರೆ ಆ ಪಾಪಕ್ಕೆ ಅವನಿಗೆ ಹೆಸರು ಬಂದಿಲ್ಲ! ನಗರವನ್ನು ಉಳಿಸಿದ ಕೆಲಸಕ್ಕೆ ಕಳಂಕದ ಹೆಸರು. ಮಗುವನ್ನು ತಳ್ಳಿದ್ದಕ್ಕೆ ಹೆಸರೇ ಇಲ್ಲ. ಲೋಕ ಹೆಸರಿಡುವ ರೀತಿಯ ಮೇಲೆ ಇದು ದೊಡ್ಡ ಆಪಾದನೆ. ಅಲಂಕಾರಕ್ಕೆ ಹೆಸರು ಕಟ್ಟುವ ಲೇಖಕನಿಗೆ ಇಂಥದನ್ನು ಬರೆಯುವ ಶಕ್ತಿ ಎಲ್ಲಿಂದ ಬರಬೇಕು? ತೀರ್ಪೇ ಇಲ್ಲದ ಕಡೆ ತಪ್ಪು ತೀರ್ಪೂ ಇರಲಾರದು.

ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಹೆಸರು ಮೊದಲು ಬಂದು ಕಥೆ ಆಮೇಲೆ ಹುಟ್ಟಬಾರದೆ? ಹುಟ್ಟಬಹುದು. ಟೋಲ್ಕಿನ್ 1937ರ ‘ದಿ ಹಾಬಿಟ್’ನಲ್ಲಿ ಕುಬ್ಜರ ನಾಯಕ ಥೋರಿನ್‌ನಿಗೆ ‘ಓಕ್‌ಮರದ ಗುರಾಣಿಯವನು’ ಎಂಬ ಉಪನಾಮ ಕೊಟ್ಟ. ಅವನು ನೈಟ್ ಅಲ್ಲ, ಆದರೂ ಉದಾಹರಣೆಗೆ ಸಲ್ಲುತ್ತಾನೆ. ಆ ಹೆಸರಿನ ಮೂಲ ಪ್ರಾಚೀನ ನಾರ್ಸ್ ಕಾವ್ಯದ ಒಂದು ಹೆಸರುಪಟ್ಟಿ. ಕಾರಣ ಮಾತ್ರ ಪುಸ್ತಕದಲ್ಲಿ ಇರಲಿಲ್ಲ. 1955ರಲ್ಲಿ ‘ದಿ ರಿಟರ್ನ್ ಆಫ್ ದಿ ಕಿಂಗ್’ನ ಅನುಬಂಧದಲ್ಲಿ ಆ ಕಾರಣ ಬಂತು: ಯುದ್ಧದಲ್ಲಿ ಗುರಾಣಿ ಒಡೆದಾಗ ಥೋರಿನ್ ಓಕ್ ಮರದ ಕೊಂಬೆ ಕಡಿದು ಎಡಗೈಯಲ್ಲಿ ಹಿಡಿದು ಕಾದಾಡಿದ. ಹದಿನೆಂಟು ವರ್ಷದ ಮೇಲಾದರೂ ಸಾಲ ತೀರಿತು. ಹೆಸರು ಕೊಡುವುದೆಂದರೆ ಓದುಗನಿಗೆ ಸಾಲಪತ್ರ ಬರೆದುಕೊಟ್ಟ ಹಾಗೆ. ಇಂದಿನ ಅನೇಕರು ಪುಟಕ್ಕೊಂದು ಪತ್ರ ಬರೆದುಕೊಟ್ಟು, ತೀರಿಸದೆ ದಿವಾಳಿ ಎತ್ತುತ್ತಾರೆ.

ಇದು ಕಥೆಗಾರರಿಗೆ ಮಾತ್ರ ಸಂಬಂಧಿಸಿದ್ದಾದರೆ ನಾನು ಇಷ್ಟು ಹಟ ಹಿಡಿಯುತ್ತಿರಲಿಲ್ಲ. ನಾನು ಚಿಕ್ಕವನಾಗಿದ್ದಾಗ ನಮ್ಮ ಬೀದಿಯಲ್ಲಿ ಒಬ್ಬರನ್ನು ಎಲ್ಲರೂ ‘ಕೋರ್ಟು ರಾಯರು’ ಎನ್ನುತ್ತಿದ್ದರು. ಒಡಹುಟ್ಟಿದವರ ಮೇಲೆ ದಾವಾ ಹೂಡಿದ ಜಗಳಗಂಟನೆಂದು ಅದರ ಅರ್ಥ. ನಾವು ಹುಡುಗರು ಅವರು ಬಂದರೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು. ವಿಧವೆಯಾದ ತಂಗಿಗೆ ಮನೆಯ ಪಾಲು ಕೊಡಿಸಲು ಅವರು ಆ ದಾವಾ ಹೂಡಿದ್ದೆಂದು ನನಗೆ ತಿಳಿದದ್ದು ಅವರು ತೀರಿಕೊಂಡ ಮೇಲೆ. ಅವರು ಒಬ್ಬರಿಗೂ ವಿವರಣೆ ಕೊಡಲಿಲ್ಲ. ನಾವು ಒಬ್ಬರೂ ಕೇಳಲಿಲ್ಲ.

ಬಾಲಂಗೋಚಿ ಹೆಸರುಗಳ ಕಥೆಗಳು ಹೆಸರನ್ನು ಕೇಳಿ ಮೆಚ್ಚುವುದನ್ನು ಕಲಿಸುತ್ತವೆ. ಒಳ್ಳೆಯ ಕಥೆ ಹೆಸರು ಎಲ್ಲಿಂದ ಬಂತೆಂದು ಕೇಳುವುದನ್ನು ಕಲಿಸುತ್ತದೆ. ಮಕ್ಕಳು ಈ ಪುಸ್ತಕಗಳನ್ನು ಹಿಡಿದು ಕೂತಾಗ ಹಿರಿಯರು ಕಸಿದುಕೊಳ್ಳುವುದು ಬೇಡ. ಈ ನೈಟ್‌ಗೆ ಈ ಹೆಸರು ಯಾರು ಇಟ್ಟರು, ಅದು ನ್ಯಾಯವೆ ಎಂದು ಕೇಳಲಿ. ಪುಸ್ತಕದಲ್ಲಿ ಉತ್ತರವಿದ್ದರೆ ಓದಲಿ. ಇಲ್ಲದಿದ್ದರೆ ಮಕ್ಕಳೇ ಅದನ್ನು ಪಕ್ಕಕ್ಕಿಡುತ್ತಾರೆ.