ಶಾಲೆಯ ತೂಕ ಹಾಕುವ ಬಗೆ

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದೊಡನೆ ಚಿಕ್ಕಮಗಳೂರು ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳನ್ನು ಮೇಲುಕೀಳು ಮಾಡುವ ಮಾತು ನಮ್ಮ ಸಂಘದ ಜಗುಲಿಯಲ್ಲೂ ಶುರುವಾಗುತ್ತದೆ. ಶೇಕಡಾ ಲೆಕ್ಕ ನೋಡಿ ಮಕ್ಕಳನ್ನು ಪೇಟೆಯ ಶಾಲೆಗೆ ಸಾಗಿಸುವವರೂ ಉಂಟು.

ತೋಟದ ನಡುವಿನ ಶಾಲೆಯಲ್ಲಿ ಪರೀಕ್ಷೆಗೆ ಕೂತವರು 12 ಮಂದಿ ಎನ್ನೋಣ. ಇಬ್ಬರು ನಪಾಸಾದರೆ ಶೇ. 83. ಪೇಟೆಯಲ್ಲಿ 200 ಮಂದಿಯಲ್ಲಿ ಇಬ್ಬರು ನಪಾಸಾದರೆ ಶೇ. 99. ಆ ಇಬ್ಬರು ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ನಮ್ಮದೇ ಲೈನುಮನೆಯಿಂದ ಶಾಲೆಗೆ ಹೋಗದೆ ಉಳಿದವರಾದರೆ ಮೇಷ್ಟರನ್ನು ದೂರಲು ನಮಗೆ ಬಾಯೆಲ್ಲಿ?

ವರ್ಷದಿಂದ ವರ್ಷಕ್ಕೆ ಹೋಲಿಸುವುದೂ ಸಲೀಸಲ್ಲ. ರಾಜ್ಯದ ಫಲಿತಾಂಶ 2023ರಲ್ಲಿ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಕಾವಲು ಬಂತು. ಕೃಪಾಂಕ ಹೆಚ್ಚಿಸಿದರೂ ಫಲಿತಾಂಶ 73.40ಕ್ಕೆ ಇಳಿಯಿತು. ಮೇಷ್ಟರು ಒಂದೇ ವರ್ಷದಲ್ಲಿ ಪಾಠ ಮರೆತಿರಲಾರರು.

ರಾಶಿ, ಬೆಟ್ಟೆ, ಗೊರಬಲು ಬೇರೆ ಮಾಡದೆ ಅಡಿಕೆಗೆ ಧಾರಣೆ ಕೇಳುವವರಲ್ಲ ನಾವು. ಶಾಲೆಯ ವಿಚಾರದಲ್ಲೂ ಎಂಟನೇ ತರಗತಿಗೆ ಸೇರಿದವರಲ್ಲಿ ಹತ್ತನೆಯವರೆಗೆ ಉಳಿದವರೆಷ್ಟು, ಗಣಿತಕ್ಕೆ ಕಾಯಂ ಶಿಕ್ಷಕರಿದ್ದಾರೆಯೇ, ಐದು ವರ್ಷದ ಸರಾಸರಿ ಎಷ್ಟು ಎಂದು ವಿಚಾರಿಸಬೇಕು. ಸದಸ್ಯ ಬಾಂಧವರು ಮಕ್ಕಳ ವರ್ಗಾವಣೆ ಪತ್ರ ಕೇಳುವ ಮೊದಲು ಒಮ್ಮೆ ಮುಖ್ಯೋಪಾಧ್ಯಾಯರ ಬಳಿ ಕೂತು ಈ ಲೆಕ್ಕ ಕೇಳಲಿ.