ಲೆಕ್ಕದ ಪುಸ್ತಕ ಧಣಿಯ ಕೈಯಲ್ಲಿಯೇ ಇರಬೇಕೆ?

ಕೊಗನೊಳ್ಳಿಯ ನಾಕಾ ಕಾಣದವರು ನಮ್ಮ ಓದುಗರಲ್ಲಿ ಇರಲಾರರು. ಪುಣೆ-ಬೆಂಗಳೂರು ಹೆದ್ದಾರಿ ಕರ್ನಾಟಕವನ್ನು ಹೊಗುವ ಬಾಗಿಲದು. ಅಲ್ಲಿ ಟೋಲು ತೆರದೆ ಗಾಡಿ ಮುಂದೆ ಸಾಗದು. 2021ರಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲಂತೂ ಕೈಯಿಂದ ಹಣ ಕೊಡುವ ಕಷ್ಟವೂ ಇಲ್ಲ. ಖಾತೆಯಿಂದ ತಾನಾಗಿಯೇ ಕಡಿದು ಹೋಗುತ್ತದೆ. ಇದಕ್ಕಿಂತ ದೊಡ್ಡ ನಾಕಾ ಒಂದು ಇಂದು ಪ್ರತಿಯೊಬ್ಬರ ಅಂಗೈಯಲ್ಲಿಯೇ ಎದ್ದು ನಿಂತಿದೆ. ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಮ್ ಎಂದು ಅದಕ್ಕೆ ಹೆಸರು ಮೂರು, ಧಣಿ ಒಬ್ಬನೇ.

ಈ ನಾಕಾದ ಕಾರಭಾರವನ್ನು ಕಲಿಸುವ ಸ್ನಾತಕೋತ್ತರ ಪದವಿಗಳು ಈಗ ಪೇಟೆಗೆ ಬಂದಿವೆ. ಸಾಮಾಜಿಕ ಮಾಧ್ಯಮ, ಡಿಜಿಟಲ್ ಮಾರ್ಕೆಟಿಂಗ್, ವ್ಯವಸ್ಥಾಪನೆ ಎಂದು ಅವುಗಳ ಜಾಹೀರಾತು ಹಳ್ಳಿಹಳ್ಳಿಗೂ ಮುಟ್ಟಿದೆ. ಬೀಡಿ ಕಟ್ಟಿ ಮಗಳನ್ನು ಬಿ.ಕಾಂ. ಓದಿಸಿದ ತಾಯಿ, ಕಾಗಲದ ಕಾರಖಾನೆಯಲ್ಲಿ ರಾತ್ರಿ ಪಾಳಿ ಮಾಡುವ ತಂದೆ, ನಿಪ್ಪಾಣಿಯಲ್ಲಿ ಅರಿವೆ ಅಂಗಡಿ ಇಟ್ಟವನು, ಎಲ್ಲರ ಮನೆಯಲ್ಲಿಯೂ ಒಂದೇ ಮಾತು: ಇದನ್ನು ಓದಿಸಬೇಕೋ, ಬೇಡವೋ?

ಬೇಡವೆನ್ನುವ ಗೆಳೆಯರು ನಮ್ಮಲ್ಲಿದ್ದಾರೆ. ಇದು ಬಂಡವಾಳಗಾರರ ವಿದ್ಯೆ, ಮಜೂರರ ಮಕ್ಕಳಿಗೆ ಇದರ ಗೊಡವೆ ಏಕೆ ಎಂಬುದು ಅವರ ವಾದ. ಈ ವಾದ ತಪ್ಪು. ಗಿರಣಿಯಲ್ಲಿ ಲೆಕ್ಕ ಓದಬಲ್ಲ ಕಾರ್ಮಿಕನೊಬ್ಬನೂ ಇಲ್ಲದಿದ್ದರೆ ಮಾಲಕ ಹೇಳಿದ್ದೇ ಲಾಭ, ಮಾಲಕ ಹೇಳಿದ್ದೇ ನಷ್ಟ. ಬೋನಸ್ಸಿನ ಜಗಳದಲ್ಲಿ ಕಂಪನಿಯ ತಾಳೆಪಟ್ಟಿಯನ್ನು ಬಿಡಿಸಿ ಓದಬಲ್ಲ ಕಾರ್ಯಕರ್ತ ಎಷ್ಟು ಬೆಲೆಯುಳ್ಳವನೆಂಬುದು ಸಂಘ ಕಟ್ಟಿದವರಿಗೆಲ್ಲ ಗೊತ್ತು. ಧಣಿಯ ವಿದ್ಯೆಯೆಂದು ನಾವು ದೂರ ನಿಂತರೆ ಆ ವಿದ್ಯೆ ಧಣಿಯ ಬಳಿಯಲ್ಲಿಯೇ ಉಳಿಯುತ್ತದೆ.

ಹಾಗಾದರೆ ಆ ಲೆಕ್ಕದಲ್ಲಿ ಏನಿದೆ? ಫೇಸ್‌ಬುಕ್ಕಿನ ಒಡೆತನದ ಮೆಟಾ ಕಂಪನಿಗೆ 2024ರಲ್ಲಿ ಬಂದ ಉತ್ಪನ್ನದಲ್ಲಿ ನೂರಕ್ಕೆ 97ಕ್ಕೂ ಹೆಚ್ಚು ಪಾಲು ಜಾಹೀರಾತಿನದು. ಪುಕ್ಕಟೆ ಎಂದು ನಾವು ತಿಳಿದದ್ದು ಪುಕ್ಕಟೆಯಲ್ಲ. ನಮ್ಮ ಕಣ್ಣೇ ಅಲ್ಲಿ ಮಾರಾಟದ ಮಾಲು. ಸಣ್ಣ ವ್ಯಾಪಾರಿ ಮೊದಲು ತನ್ನ ಪುಟ ತೆರೆದಾಗ ಅವನ ಮಾತು ಗಿರಾಕಿಗಳಿಗೆ ಹಾಗೆಯೇ ಮುಟ್ಟುತ್ತಿತ್ತು. ಗಿರಾಕಿಗಳೆಲ್ಲ ಅಲ್ಲಿ ನೆರೆದ ಮೇಲೆ ಆ ದಾರಿ ಕಿರಿದಾಯಿತು. ಈಗ ತನ್ನ ಗಿರಾಕಿಯನ್ನೇ ಮುಟ್ಟಲು ಅವನು ಲಿಲಾವಿನಲ್ಲಿ ಕೂಗಬೇಕು. ಎದುರಿಗೆ ಕೂಗುವವನು ಮುಂಬಯಿಯ ದೊಡ್ಡ ಕಂಪನಿ. ಲಿಲಾವು ನಡೆಸುವವನೂ, ಅದರ ಕಟ್ಟಳೆ ಮಾಡುವವನೂ ಒಬ್ಬನೇ.

ನಿಪ್ಪಾಣಿಗೆ ಇದು ಹೊಸ ಕಥೆಯೇ? ತಂಬಾಕು ಬೆಳೆದವನು ರೈತ, ದರ ಕಟ್ಟುವವನು ವ್ಯಾಪಾರಿ. ಈ ಅನ್ಯಾಯದ ಎದುರು 1981ರಲ್ಲಿ ರೈತರು ಇದೇ ಹೆದ್ದಾರಿಯ ಮೇಲೆ ಕುಳಿತರು. ಗೋಲೀಬಾರಿನಲ್ಲಿ ಪ್ರಾಣ ತೆತ್ತರು. ದರ ಕಟ್ಟುವ ಅಧಿಕಾರ ಯಾರದು ಎಂಬ ಅಂದಿನ ಪ್ರಶ್ನೆಯೇ ಇಂದಿನದೂ.

ದುಡಿಯುವವನ ಪಾಡನ್ನೂ ನೋಡಿರಿ. ಕಟ್ಟಿ ತಂದ ಬೀಡಿಯಲ್ಲಿ ಇಷ್ಟು ಕೆಟ್ಟದ್ದೆಂದು ತೆಗೆದಿಟ್ಟು ಮಜೂರಿ ಮುರಿಯುವ ಗುತ್ತಿಗೆದಾರನನ್ನು ನಮ್ಮ ಅಕ್ಕತಂಗಿಯರು ಬಲ್ಲರು. ಆ ತಂಟೆಯನ್ನು ಅಧಿಕಾರಿಯ ಮುಂದೆ ಒಯ್ಯುವ ಹಕ್ಕು 1966ರ ಬೀಡಿ ಕಾಯದೆಯಿಂದ ಬಂದಿತು. ಇಂದು ಮೋಟಾರ್ ಸೈಕಲ್ಲಿನ ಮೇಲೆ ಊಟ ಹಂಚುವ ಹುಡುಗನ ಕೆಲಸವನ್ನು ಯಂತ್ರದ ಲೆಕ್ಕವೊಂದು ನಿಲ್ಲಿಸಿಬಿಡುತ್ತದೆ. ಕೇಳಬೇಕೆಂದರೆ ಎದುರಿಗೆ ಮುಖವೇ ಇಲ್ಲ! ಕರ್ನಾಟಕದಲ್ಲಿ 2025ರಲ್ಲಿ ಇಂಥವರಿಗಾಗಿ ಕಾಯದೆಯಾಯಿತು. ಕಂಪನಿ ಕಲ್ಯಾಣ ಶುಲ್ಕ ಕೊಡಬೇಕು. ಕೆಲಸದಿಂದ ತೆಗೆಯುವ ಮೊದಲು ಕಾರಣ ತಿಳಿಸಬೇಕು. ಒಳ್ಳೆಯದೇ. ಆದರೆ ಆ ಯಂತ್ರದ ಲೆಕ್ಕವನ್ನು ಓದಿ ತಪ್ಪು ಹಿಡಿಯಬಲ್ಲವರು ಸಂಘದಲ್ಲಿ ಇಲ್ಲದಿದ್ದರೆ ಕಾಯದೆ ಕಾಗದದಲ್ಲಿಯೇ ಮಲಗುವದು.

ಆದುದರಿಂದ ಓದಿಸಿರಿ ಎಂದೇ ನಾವು ಹೇಳುತ್ತೇವೆ. ಆದರೆ ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಎರಡು ಸಲ ವಿಚಾರಿಸಿರಿ. ಓದು ಮುಗಿದು ಒಂದು ವರುಷದವರೆಗೆ ಕಂತು ಇಲ್ಲವೆನ್ನುವರು. ಬಡ್ಡಿ ಮಾತ್ರ ಮೊದಲ ದಿನದಿಂದಲೇ ಬೆಳೆಯುತ್ತಿರುತ್ತದೆ. ವಿಶ್ವವಿದ್ಯಾಲಯದ ಹೆಸರನ್ನು ಬಾಡಿಗೆಗೆ ಹಿಡಿದು ಕಂಪನಿಗಳು ಪದವಿ ಮಾರುವದನ್ನು ಒಪ್ಪಲಾಗದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವೇ 2022ರಲ್ಲಿ ಎಚ್ಚರಿಸಿತು. ಆನ್‌ಲೈನ್ ಪದವಿಗೆ ಆಯೋಗದ ಒಪ್ಪಿಗೆ ಇದೆಯೋ ಇಲ್ಲವೋ ಎಂದು ಪಟ್ಟಿ ನೋಡದೆ ಬಿಡಿಕಾಸು ಕೊಡಬೇಡಿರಿ.

ಇನ್ನು ಸರಕಾರಕ್ಕೆ ನಮ್ಮ ಮಾತು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮನ ಹೆಸರಿನ ವಿಶ್ವವಿದ್ಯಾಲಯ ಹುಟ್ಟಿದ್ದು ಈ ಗಡಿನಾಡಿನ ಮಕ್ಕಳಿಗಾಗಿ. ಈ ವಿದ್ಯೆಯನ್ನು ಕಡಿಮೆ ಫೀಯಲ್ಲಿ, ಕನ್ನಡದಲ್ಲಿ, ಅಲ್ಲಿಯೇ ಕಲಿಸಲಿ. ಜಾಹೀರಾತು ಹಂಚುವ ಕೈಚಳಕ ಒಂದನ್ನೇ ಕಲಿಸಿದರೆ ಸಾಲದು. ಧಣಿಯ ಲಿಲಾವು ಹೇಗೆ ನಡೆಯುತ್ತದೆ, ದುಡಿಯುವವನ ಹಕ್ಕುಗಳೇನು, ಸಣ್ಣ ವ್ಯಾಪಾರಿಗಳು ಸಹಕಾರಿ ಸಂಘ ಕಟ್ಟಿ ತಮ್ಮದೇ ಪೇಟೆ ನಡೆಸುವದು ಹೇಗೆ ಎಂಬುದೂ ಪಠ್ಯದಲ್ಲಿ ಬರಲಿ.

ಇದು ಆಗದ ಮಾತೆಂದು ಕೆಲವರು ನಗಬಹುದು. ಇಂಟರ್‌ನೆಟ್ಟಿನ ಒಂದು ತುಂಡನ್ನು ಬಡವರಿಗೆ ಧರ್ಮವೆಂದು ಕೊಟ್ಟು, ಉಳಿದದ್ದಕ್ಕೆ ಬಾಗಿಲು ಕಾಯಲು ಇದೇ ಫೇಸ್‌ಬುಕ್ ಬಂದಿತ್ತು. ಜನ ಲಕ್ಷಗಟ್ಟಲೆ ಕಾಗದ ಬರೆದು ವಿರೋಧಿಸಿದರು. 2016ರ ಫೆಬ್ರುವರಿಯಲ್ಲಿ ಟ್ರಾಯ್ ಅದಕ್ಕೆ ಅಡ್ಡ ನಿಂತಿತು. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದಾಗಲೂ ನಕ್ಕವರಿದ್ದರು.

ನಾಕಾ ಯಾರೇ ಕಟ್ಟಲಿ, ಅದರ ಲೆಕ್ಕ ಕೇಳುವ ಹಕ್ಕು ಟೋಲು ತೆರುವವನದು. ಆ ಲೆಕ್ಕವನ್ನು ಓದಬಲ್ಲ ಮಗಳು ಬೀಡಿ ಕಟ್ಟುವವಳ ಮನೆಯಿಂದಲೇ ಬರಲಿ!