ಪೇಟಿ ಮಾಸ್ತರರ ಪಗಾರ

ಸುಗ್ಗಿ ಮುಗಿದು ರಾಶಿ ಮನೆಗೆ ಬಂತೆಂದರೆ ನಮ್ಮ ಸೀಮೆಯಲ್ಲಿ ನಾಟಕದ ಕಾಲ ಬಂತು. ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆ. ಅಲ್ಲಿಂದ ಮುಂದೆ ಊರೂರಿನ ತೇರು, ಊರೂರಿನ ಉರುಸು. ಸಿಂಧನೂರಿನ ಅಕ್ಕಿ ಗಿರಣಿಯ ಹಮಾಲರು, ಮಸ್ಕಿಯ ಕಿರಾಣಿ ಅಂಗಡಿಯವರು, ಲಿಂಗಸುಗೂರಿನ ಹೊಲಿಗೆಯವರು, ಹಟ್ಟಿಯ ಗಣಿ ಕಾರ್ಮಿಕರು ಹಗಲೆಲ್ಲ ದುಡಿದು ರಾತ್ರಿ ತಾಲೀಮಿಗೆ ಕೂಡುತ್ತಾರೆ. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯೋ, ಒಂದು ಸಾಮಾಜಿಕ ನಾಟಕವೋ, ಹಳ್ಳಿಯ ಕಡೆ ಒಂದು ದೊಡ್ಡಾಟವೋ ಎದ್ದು ನಿಲ್ಲುತ್ತದೆ. ಇದು ನಮಗೆ ಹೆಮ್ಮೆಯ ಸಂಗತಿ.

ಆದರೆ ವಾಚಕರೇ, ಈ ಹೆಮ್ಮೆಯ ಜೊತೆಗೆ ಒಂದು ಕಹಿ ಮಾತನ್ನೂ ಆಡಬೇಕಾಗಿದೆ. ನಾವು ಹವ್ಯಾಸಕ್ಕೆ ಬಣ್ಣ ಹಚ್ಚುವವರು. ನಮ್ಮ ನಾಟಕ ನಿಲ್ಲುವುದು ಮಾತ್ರ ಹೊಟ್ಟೆಪಾಡಿಗೆ ಕಲೆಯನ್ನು ನಂಬಿದ ನಾಲ್ಕಾರು ಜನರ ಮೇಲೆ: ಪೇಟಿ ಮಾಸ್ತರರು, ತಬಲದವರು, ಪರವೂರಿನಿಂದ ಬರುವ ಸ್ತ್ರೀ ಪಾತ್ರಧಾರಿಗಳು, ಸೀನು ಪರದೆಯವರು, ಬಣ್ಣದವರು. ಇವರನ್ನು ಕರೆಸುವವರು ನಾವು. ಇವರ ದರ ಕಟ್ಟುವವರು ನಾವು. ಅಂದರೆ ಆ ಒಂದು ತಿಂಗಳ ಮಟ್ಟಿಗೆ ಧಣಿಗಳು ನಾವೇ. ಆ ಧಣಿತನವನ್ನು ನಾವು ಹೇಗೆ ನಡೆಸುತ್ತೇವೆ? ಗಿರಣಿಯ ಬಾಗಿಲಲ್ಲಿ ಚೀಲಕ್ಕೆ ನಾಲ್ಕಾಣೆ ಹೆಚ್ಚಿಗೆ ಕೇಳಿ ಜಗಳ ತೆಗೆದವರೇ ಸಂಜೆ ಮಾಸ್ತರರ ಮುಂದೆ ಕುಳಿತು, ‘ಊರ ಕೆಲಸ, ದೇವರ ಕೆಲಸ, ನಾಲ್ಕು ದುಡ್ಡು ಕಡಿಮೆ ಮಾಡ್ರಿ’ ಎನ್ನುತ್ತೇವೆ. ಆಟ ಮುಗಿದು ಮಂಗಳಾರತಿಯಾದ ಮೇಲೆ ಕಮಿಟಿಯ ಖಜಾಂಚಿಯನ್ನು ಹುಡುಕುತ್ತ ಕತ್ತಲಲ್ಲಿ ತಿರುಗುವ ನಟಿಯನ್ನು ನೋಡಿದವರು ನಮ್ಮಲ್ಲಿ ಬಹಳ ಜನರಿದ್ದಾರೆ. ಬೆಳಗಿನ ಮೊದಲ ಬಸ್ಸಿಗೆ ಕೂಡುವ ಹೊತ್ತಿಗೂ ಆಕೆಯ ಕೈಗೆ ಪೂರ್ತಿ ಹಣ ಬಂದಿರುವುದಿಲ್ಲ.

ಕಲೆಗೆ ಕೂಲಿ ಕೇಳುವುದು ಹೀನವೆಂಬ ಭಾವನೆ ಎಲ್ಲಿಂದ ಬಂತೋ ತಿಳಿಯದು. ಗುಬ್ಬಿ ವೀರಣ್ಣನವರು ತಮ್ಮ ಆತ್ಮಕಥೆಗೆ ‘ಕಲೆಯೇ ಕಾಯಕ’ ಎಂದು ಹೆಸರಿಟ್ಟರು. ಕಾಯಕವೆಂಬ ಮಾತಿನ ತೂಕ ನಮ್ಮ ನೆಲಕ್ಕೆ ಹೊಸದಲ್ಲ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ನಮ್ಮದೇ ಲಿಂಗಸುಗೂರು ತಾಲೂಕಿನ ಅಮರೇಶ್ವರದವರು. ಗಂಡ ಒಂದು ದಿನ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದವಳು ಲಕ್ಕಮ್ಮ. ಈ ಕತೆಯನ್ನು ಪ್ರವಚನದಲ್ಲಿ ಕೇಳಿ ತಲೆದೂಗುವ ನಾವು ಅದರ ಇನ್ನೊಂದು ಮಗ್ಗುಲನ್ನು ನೋಡುವುದಿಲ್ಲ. ಸಲ್ಲದ್ದನ್ನು ಮುಟ್ಟದವರು ಸಲ್ಲಬೇಕಾದ್ದನ್ನು ಬಿಡಬೇಕೆಂದು ಆಕೆ ಎಲ್ಲಿಯೂ ಹೇಳಲಿಲ್ಲ.

ಇನ್ನು ಕಲಾವಿದರಿಗೇ ನೇರವಾಗಿ ಕೆಲವು ಮಾತು. ಮೊದಲನೆಯದು ಲೆಕ್ಕ. ಅಂಗಡಿಯವನು ರೋಜುಕೀರ್ದಿ ಬರೆಯದೆ ರಾತ್ರಿ ಬಾಗಿಲು ಹಾಕುವುದಿಲ್ಲ. ಗಿರಣಿಯ ಕೆಲಸಗಾರನಿಗೆ ಹಾಜರಿ ಪುಸ್ತಕವಿದೆ. ಕಲಾವಿದನಿಗೆ ಮಾತ್ರ ಎರಡೂ ಇಲ್ಲ. ಅವನ ಬದುಕೆಲ್ಲ ಬಾಯಿಲೆಕ್ಕ. ಒಬ್ಬ ಪೇಟಿ ಮಾಸ್ತರರು ಒಂದು ನಾಟಕಕ್ಕೆ 12,000 ರೂಪಾಯಿ ಒಪ್ಪಿಕೊಂಡರೆಂದು ಇಟ್ಟುಕೊಳ್ಳೋಣ. ಕೇಳಲು ದೊಡ್ಡ ಮೊತ್ತ. 20 ದಿನದ ತಾಲೀಮು, ದಿನಕ್ಕೆ 3 ತಾಸಿನಂತೆ 60 ತಾಸು. ಆಟದ ರಾತ್ರಿ 8 ತಾಸು. ಹೋಗಿ ಬರುವುದು, ಕಾಯುವುದು ಕನಿಷ್ಠ 12 ತಾಸು. ಒಟ್ಟು 80 ತಾಸು. ಬಸ್ಸು, ಚಹಾ, ಪೇಟಿಯ ರಿಪೇರಿಯೆಂದು 2,000 ತೆಗೆದರೆ ಉಳಿಯುವುದು 10,000. ತಾಸಿಗೆ 125 ರೂಪಾಯಿ. ಪರವಾಗಿಲ್ಲ ಎನ್ನುವಿರಾ? ಸುಗ್ಗಿಯಿಂದ ಮುಂಗಾರಿನವರೆಗೆ ಇಂಥ ಎಂಟು ನಾಟಕ ಸಿಕ್ಕರೆ ವರ್ಷಕ್ಕೆ 80,000. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ ಏಳು ಸಾವಿರವೂ ಇಲ್ಲ! ದರ ಹೇಳುವಾಗ ಮಾಸ್ತರರ ಕಣ್ಣ ಮುಂದಿರಬೇಕಾದದ್ದು ಆಟದ ಒಂದು ರಾತ್ರಿಯಲ್ಲ, ಮಳೆಗಾಲದ ಆ ಖಾಲಿ ತಿಂಗಳುಗಳು. ಎರಡು ರೂಪಾಯಿಯ ನೋಟುಪುಸ್ತಕವಾದರೂ ಸಾಕು: ಯಾವ ಊರು, ಎಷ್ಟು ದಿನ, ಎಷ್ಟು ತಾಸು, ಬಂದದ್ದೆಷ್ಟು, ಬಾಕಿ ಎಷ್ಟು. ಒಂದು ವರ್ಷ ಬರೆದು ನೋಡಿದರೆ ಯಾವ ಊರಿಗೆ ಮತ್ತೆ ಹೋಗಬಾರದೆಂಬುದನ್ನು ಯಾರೂ ಹೇಳಬೇಕಾಗುವುದಿಲ್ಲ.

ಎರಡನೆಯದು ಕರಾರು. ವೀಳ್ಯದೆಲೆಯ ಮೇಲೆ ನೂರೊಂದು ರೂಪಾಯಿ ಇಟ್ಟು ಮಾತು ಮುಗಿಸುವ ಪದ್ಧತಿ ಚೆಂದವೇ, ಅದು ಇರಲಿ. ಅದರ ಜೊತೆಗೆ ಒಂದು ಹಾಳೆಯೂ ಇರಲಿ. ತಾಲೀಮು ಎಷ್ಟು ದಿನ, ಊಟ ವಸತಿ ಯಾರದು, ಬಸ್ಸಿನ ಖರ್ಚು ಯಾರದು, ಸಂಚಕಾರ ಎಷ್ಟು, ಉಳಿದದ್ದು ಯಾವಾಗ ಎಂದು ಅದರಲ್ಲಿ ಬರೆದಿರಬೇಕು. ಉಳಿದ ಹಣ ಪರದೆ ಏಳುವ ಮೊದಲು ಕೈಸೇರಬೇಕು. ಮಂಗಳಾರತಿಯ ನಂತರ ಎಂಬ ಮಾತಿಗೆ ಒಪ್ಪಲೇಬಾರದು. ಊರಲ್ಲಿ ಸಾವಾಗಿ ಅಥವಾ ಮಳೆ ಬಂದು ಆಟ ನಿಂತರೆ ಆವರೆಗಿನ ತಾಲೀಮಿನ ಕೂಲಿ ಸಿಗಬೇಕೆಂಬುದನ್ನೂ ಬರೆಯಿಸಿರಿ. ಕಮಿಟಿಯ ಇಬ್ಬರ ರುಜು ಬೀಳಲಿ. ಇದರಿಂದ ನಂಬಿಕೆ ಕೆಡುತ್ತದೆ ಎನ್ನುವವರು, ತಮ್ಮ ಅಂಗಡಿಯಲ್ಲಿ ಉದ್ರಿ ಕೊಡುವಾಗ ಖಾತೆ ಪುಸ್ತಕದಲ್ಲಿ ಏಕೆ ಬರೆದುಕೊಳ್ಳುತ್ತಾರೆ?

ನಟಿಯರ ವಿಷಯ ಬೇರೆಯಾಗಿಯೇ ಹೇಳಬೇಕು. ಅವರ ಹಾಳೆಯಲ್ಲಿ ಇನ್ನೆರಡು ಮಾತು ಹೆಚ್ಚಿಗೆ ಇರಬೇಕು: ಬಣ್ಣ ಹಚ್ಚಲು, ಸೀರೆ ಉಡಲು ಒಳಗಿನಿಂದ ಚಿಲಕವಿರುವ ಕೋಣೆ, ಆಟದ ನಂತರ ಬಸ್ ನಿಲ್ದಾಣದವರೆಗೆ ಜವಾಬ್ದಾರಿಯಿಂದ ಕರೆತರುವ ಮನುಷ್ಯ. ನಾಟಕದ ನಡುವೆ ರಂಗದ ಮೇಲೇರಿ ನೋಟು ಚುಚ್ಚುವ ಚಟವನ್ನು ಕಮಿಟಿಯವರೇ ನಿಲ್ಲಿಸಬೇಕು. ಅದನ್ನು ಕಲಾಭಿಮಾನವೆಂದು ಕರೆಯುವ ಗಂಡಸರು ತಮ್ಮ ಮನೆಯ ಹೆಣ್ಣುಮಕ್ಕಳು ದುಡಿಯುವ ಜಾಗದಲ್ಲಿ ಹೀಗಾದರೆ ಸುಮ್ಮನಿರುತ್ತಾರೆಯೇ?

ಮುಂಗಡದ ಬಗ್ಗೆ ಎಚ್ಚರ. ವೃತ್ತಿ ಕಂಪನಿಗಳಿಗೆ ಸೇರುವ ಹುಡುಗರಿಗೆ ಈ ಮಾತು ಮುಖ್ಯ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಸಾಲಾಗಿ ನಿಂತ ಕಂಪನಿಗಳ ದೀಪ ಕಂಡು ಮನಸೋತು, ಮನೆಯ ಮದುವೆಗೋ ಆಸ್ಪತ್ರೆಗೋ ಕೈತುಂಬ ಮುಂಗಡ ತೆಗೆದುಕೊಂಡವನು ಆ ಸಾಲ ತೀರುವವರೆಗೆ ಕ್ಯಾಂಪಿನಿಂದ ಕ್ಯಾಂಪಿಗೆ ಹೊರಡುವ ಲಾರಿಯ ಜೊತೆಗೇ ತಿರುಗಬೇಕು. ಕಂಪನಿಯ ಯಜಮಾನನೂ ಸಾಲದಲ್ಲಿರುವುದು ಸುಳ್ಳಲ್ಲ. ಆದರೂ ಮೂರು ತಿಂಗಳ ಪಗಾರಕ್ಕಿಂತ ಹೆಚ್ಚು ಮುಂಗಡ ಮುಟ್ಟಬೇಡಿ. ಹಂಗಾಮಿನಲ್ಲಿ ಬಂದದ್ದರಲ್ಲಿ ಒಂದು ಪಾಲನ್ನು ಅಂಚೆ ಕಚೇರಿಯಲ್ಲಿಟ್ಟರೆ ಆಷಾಢದಲ್ಲಿ ಯಜಮಾನನ ಬಾಗಿಲು ತಟ್ಟುವುದು ತಪ್ಪುತ್ತದೆ.

ಮಳೆಗಾಲದಲ್ಲಿ ಬೇರೆ ಕೆಲಸ ಮಾಡುವುದಕ್ಕೆ ನಾಚಿಕೆ ಬೇಡ. ಗಿರಣಿಗೆ ಹೋಗಿರಿ, ಹೊಲಕ್ಕೆ ಹೋಗಿರಿ. ಬೆಳಗಿನ ಒಂದು ತಾಸನ್ನು ಮಾತ್ರ ಪೇಟಿಗೆ, ಕಂಠಕ್ಕೆ ಮೀಸಲಿಡಿ. ಆರು ತಿಂಗಳು ಬಿಟ್ಟ ಬೆರಳು ಜಾತ್ರೆಯ ಹೊತ್ತಿಗೆ ಮಾತು ಕೇಳುವುದಿಲ್ಲ. ಊರ ಮಕ್ಕಳಿಗೆ ಪಾಠ ಹೇಳಿರಿ, ಫೀಸು ತೆಗೆದುಕೊಂಡೇ ಹೇಳಿರಿ. ದೊಡ್ಡಾಟದ ಮಾಸ್ತರರು ಹಳೆಯ ಪದಗಳ ಪುಸ್ತಕವನ್ನು ನಕಲು ಮಾಡಿಸಿ ಎರಡು ಕಡೆ ಇಡಲಿ. ಗೆದ್ದಲಿಗೆ ಕಲೆ ತಿಳಿಯದು.

ಇನ್ನು ಹೆಸರಿನ ಮಾತು. ಮಸ್ಕಿಯ ಬಂಡೆಗಲ್ಲಿನ ಶಾಸನ ಜಗತ್ತಿಗೆಲ್ಲ ಗೊತ್ತು. 1915ರಲ್ಲಿ ಚಿನ್ನದ ಅದಿರು ಹುಡುಕುತ್ತ ಬಂದ ಬೀಡನ್ ಎಂಬ ಇಂಜಿನಿಯರರ ಕಣ್ಣಿಗೆ ಬಿದ್ದ ಆ ಬರಹದಲ್ಲಿ ದೇವಾನಾಂಪ್ರಿಯನ ನಿಜ ಹೆಸರು ಅಶೋಕನೆಂದು ಸ್ಪಷ್ಟವಾಗಿತ್ತು. ದೊರೆಯ ಹೆಸರು ಉಳಿಯಿತು. ಬಿಸಿಲಲ್ಲಿ ಕುಳಿತು ಕೆತ್ತಿದವನ ಹೆಸರು ಅಲ್ಲಿಲ್ಲ. ಅದೇ ಅಶೋಕನ ಶಾಸನವನ್ನು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬರೆದ ಲಿಪಿಕಾರ ಜಾಣ. ತಾನು ಚಪಡನೆಂದು ಕೊನೆಯಲ್ಲಿ ಬರೆದೇ ಹೋದ. ಇಂದಿಗೂ ಅವನನ್ನು ಬಲ್ಲೆವು. ಇಳಕಲ್ಲಿನ ಪಿ. ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕ 1974ರಲ್ಲಿ ರಾಜಕುಮಾರರ ಸಿನಿಮಾ ಆಯಿತು. ಸಿನಿಮಾ ನೆನಪಿರುವವರೆಲ್ಲರಿಗೂ ಧುತ್ತರಗಿಯವರ ಹೆಸರು ನೆನಪಿದೆಯೇ? ಆದ್ದರಿಂದ ಕರಪತ್ರದಲ್ಲಿ ದಾನಿಗಳ ಭಾವಚಿತ್ರ ಮೂರು ಸಾಲು ಹಾಕುವ ಕಮಿಟಿಗೆ, ನಾಟಕ ಬರೆದವರ, ಪೇಟಿಯವರ, ತಬಲದವರ, ಪರದೆ ಬರೆದವರ ಹೆಸರನ್ನೂ ಹಾಕಿರೆಂದು ಕೇಳಿರಿ.

ಆ ಕರಪತ್ರಗಳನ್ನು ಎಸೆಯಬೇಡಿ. ಮೊದಲು ಆಡಿದ್ದರಿಂದ ಇಂದಿನವರೆಗಿನ ಕರಪತ್ರ, ಸನ್ಮಾನಪತ್ರ, ಫೋಟೋ, ಪತ್ರಿಕೆಯ ತುಣುಕು ಎಲ್ಲವನ್ನೂ ಒಂದು ಫೈಲಿನಲ್ಲಿಡಿ. ಕಷ್ಟದಲ್ಲಿರುವ ವೃದ್ಧ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನವಿದೆ; 58 ವರ್ಷವಾದವರು ಅರ್ಜಿ ಹಾಕಬಹುದು. ಆದರೆ ನೀವು ಕಲಾವಿದರೆಂಬುದನ್ನು ನೀವೇ ತೋರಿಸಬೇಕು. ಕೊರೋನಾ ಕಾಲದಲ್ಲಿ ಜಾತ್ರೆಗಳೆಲ್ಲ ನಿಂತು ಒಲೆ ಆರಿದಾಗ, 2021ರ ಮೇ ತಿಂಗಳಲ್ಲಿ ಸರಕಾರ ಕಲಾವಿದರಿಗೆ ತಲಾ 3,000 ರೂಪಾಯಿ ಘೋಷಿಸಿತು. ನಲವತ್ತು ವರ್ಷ ಬಣ್ಣ ಹಚ್ಚಿ ಒಂದು ತುಂಡು ಕಾಗದವನ್ನೂ ಇಟ್ಟುಕೊಳ್ಳದವನು ಇಂಥ ಹೊತ್ತಿನಲ್ಲಿ ಏನು ಮಾಡಬೇಕು? ಮುಖದ ಬಣ್ಣ ತೊಳೆದರೆ ಹೋಗುತ್ತದೆ, ಅದನ್ನು ಕಚೇರಿಯಲ್ಲಿ ತೋರಿಸಲಾಗದು. 59 ವರ್ಷ ಮೀರದವರು ಇ-ಶ್ರಮ್ ಚೀಟಿಯನ್ನೂ ಮಾಡಿಸಿಕೊಳ್ಳಲಿ.

ಮೊಬೈಲು ಬಂದ ಮೇಲೆ ಹೊಸದೊಂದು ಸುಲಿಗೆ ಹುಟ್ಟಿದೆ. ರಾತ್ರಿಯೆಲ್ಲ ಹಾಡಿದವರು ಬಸ್ ನಿಲ್ದಾಣ ತಲುಪುವ ಮೊದಲೇ ಅವರ ಹಾಡು ಯಾರದೋ ಯೂಟ್ಯೂಬ್ ಚಾನೆಲ್ಲಿನಲ್ಲಿ ಓಡುತ್ತಿರುತ್ತದೆ. 1957ರ ಹಕ್ಕುಸ್ವಾಮ್ಯ ಕಾಯಿದೆಗೆ 1994ರಲ್ಲಿ ತಿದ್ದುಪಡಿಯಾಗಿ, ಹಾಡುವ, ನುಡಿಸುವ, ನಟಿಸುವವರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕು ಬಂದಿದೆ. ಖಾಸಗಿ ಬಳಕೆ, ಪಾಠದಂಥ ಕೆಲವು ಸಂದರ್ಭ ಬಿಟ್ಟರೆ ಅವರ ಒಪ್ಪಿಗೆಯಿಲ್ಲದೆ ಚಿತ್ರೀಕರಿಸಿ ಮಾರಾಟಕ್ಕಿಡುವಂತಿಲ್ಲ. ಕೋರ್ಟಿಗೆ ಹೋಗುವ ಶಕ್ತಿ ನಮ್ಮವರಿಗೆಲ್ಲಿದೆ ಎನ್ನಬಹುದು. ಕರಾರಿನ ಹಾಳೆಯಲ್ಲಿ ‘ಚಿತ್ರೀಕರಣ ಇಲ್ಲ’ ಅಥವಾ ‘ಚಿತ್ರೀಕರಣಕ್ಕೆ ಇಷ್ಟು’ ಎಂದು ಒಂದು ಸಾಲು ಬರೆಯುವುದಕ್ಕೆ ಕೋರ್ಟು ಬೇಕಿಲ್ಲ.

ವ್ಯಾಪಾರಿ ಬಂಧುಗಳಿಗೆ ಒಂದು ಮಾತು. ಬೋರ್ಡು ಬರೆಯುವ ಪೇಂಟರರೂ ಕಲಾವಿದರೇ. ಫ್ಲೆಕ್ಸ್ ಬಂದು ಅವರ ಕುಂಚ ಒಣಗಿತು. 2016ರಲ್ಲಿ ರಾಜ್ಯ ಸರಕಾರ ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿದ್ದು ಕಾಗದದಲ್ಲಿದೆ, ಬೀದಿಯಲ್ಲಿಲ್ಲ. ಒಂದೆರಡು ಬೇಸಿಗೆಯಲ್ಲಿ ಬೆಳ್ಳಗಾಗುವ ಫ್ಲೆಕ್ಸಿಗೆ ಮತ್ತೆ ಮತ್ತೆ ಕೊಡುವ ಹಣ ಕೂಡಿಸಿ ನೋಡಿ. ತಗಡಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆಸಿದ್ದು ಹತ್ತು ವರ್ಷ ಬಾಳುತ್ತದೆ.

ಇಷ್ಟೆಲ್ಲ ಒಬ್ಬೊಬ್ಬರೇ ಮಾಡಲಾಗುವುದಿಲ್ಲ. ಒಬ್ಬ ಮಾಸ್ತರರು ಹಾಳೆ ಮುಂದಿಟ್ಟರೆ ಕಮಿಟಿಯವರು ಹಾಳೆ ಕೇಳದ ಇನ್ನೊಬ್ಬರನ್ನು ಹುಡುಕುತ್ತಾರೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ತಾಲೂಕಿನವರು ಕೂಡಿ ಒಂದೇ ದರ, ಒಂದೇ ಕರಾರು ಗೊತ್ತುಮಾಡಿದರೆ ಆ ಆಟ ನಡೆಯದು. 2024ರಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕೆಂದು ರಾಜ್ಯದಲ್ಲಿ ಕಾಯಿದೆಯಾಗಿದೆ. ಸಿನಿಮಾ ಟಿಕೀಟಿನ ಮೇಲೆ ಶೇಕಡಾ 1ರಿಂದ 2ರಷ್ಟು ಸೆಸ್ಸು ಹಾಕಲು ಅದರಲ್ಲಿ ಅವಕಾಶವಿದೆ. ಅದರ ಫಲ ಬೆಂಗಳೂರಿನ ಸ್ಟುಡಿಯೋ ದಾಟಿ ಮಸ್ಕಿಯ ಪೇಟಿ ಮಾಸ್ತರರವರೆಗೆ ಬರಬೇಕಾದರೆ ಕೇಳುವವರು ಗುಂಪಾಗಿ ನಿಂತಿರಬೇಕು. 1960ರ ಸಂಘಗಳ ನೋಂದಣಿ ಕಾಯಿದೆಯಲ್ಲಿ ಸಂಘ ಕಟ್ಟಲು ಏಳು ಜನ ಸಾಕು. ಕಾರಹುಣ್ಣಿಮೆ ಕಳೆದ ಮೇಲೆ ಯಾರಿಗೂ ಆಟದ ಕರೆ ಇರುವುದಿಲ್ಲ. ಮಸ್ಕಿ ಎರಡೂ ಕಡೆಯವರಿಗೆ ನಡುವಿನ ಊರು. ಸೇರುವುದಾದರೆ ಅಲ್ಲಿ, ಆಗ ಸೇರಬಹುದು.